ಐದರಲ್ಲಿ ಮುಗಿಯುವ ಅಂಕ

ಹೊಸ ಫ್ಲೆಕ್ಸಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಹೋದ ವಾರ ಕುರ್ಲಾದಲ್ಲಿ, ಸ್ಟೇಷನ್ನಿನ ಪಶ್ಚಿಮಕ್ಕಿರುವ ಪ್ರಿಂಟಿಂಗ್ ಅಂಗಡಿಯೊಂದಕ್ಕೆ ಹೋಗಿದ್ದೆ. ನಾನು ನಡೆಸುವ ಸಣ್ಣ ಕೋಚಿಂಗ್ ಕ್ಲಾಸಿಗೆ ಒಂದು ಬೋರ್ಡು ಬೇಕಿತ್ತು. ಮಷಿನ್ನಿನಿಂದ ಆಗಷ್ಟೇ ಹೊರಬಂದ ಯಾರದೋ ಫ್ಲೆಕ್ಸನ್ನು ನೆಲದ ಮೇಲೆ ಹಾಸಿದ್ದರು. ಪ್ಲಾಸ್ಟಿಕ್ಕಿಗೆ ಸೀಮೆಎಣ್ಣೆ ಬೆರೆಸಿದಂಥ ಅದೇ ವಾಸನೆ. ಅಂಗಡಿಯ ಮೆಹಬೂಬ್ ಚಾಚಾ ವಿಜಯಪುರದ ಕಡೆಯವರು, ನನ್ನೊಡನೆ ಕನ್ನಡದಲ್ಲೇ ಮಾತು. “ಫೋಟೋ ಯಾರ್ದು ಹಾಕೂದು ಬೇಟಾ? ಕ್ಲಾಸಿನ ಬೋರ್ಡ್ ಅಂದ್ಮ್ಯಾಲ ಟಾಪರ್ ಫೋಟೋ ಬೇಕಲ್ಲ” ಎಂದರು. “ಯಾರ್ದೂ ಬ್ಯಾಡ ಚಾಚಾ” ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಎರಡು ವರ್ಷದ ಹಿಂದಿನ ಆ ಮಳೆಗಾಲವನ್ನು ಪೂರ್ತಿಯಾಗಿ ಅವರ ತಲೆಗೆ ಕಟ್ಟುತ್ತಿದ್ದೆ. ಅವರು ಬಚಾವಾದರು, ಈಗ ಓದುವವರ ಪಾಲಿಗೆ ಬಂದಿದೆ.

ಮೊದಲೇ ಹೇಳಿಬಿಡುತ್ತೇನೆ. ‘ಹೋಗಲಿ ಬಿಡು’ ಅನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ಅವ್ವ ಅದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಅವಳ ಪಾಲಿನದನ್ನೂ ಸೇರಿಸಿ ನಾನೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇನೆ. ಯಾರು ಏನು ಅಂದರು, ಅವತ್ತು ಯಾವ ಬಣ್ಣದ ಅಂಗಿ ಹಾಕಿದ್ದರು ಅನ್ನುವುದು ಸಮೇತ ನನಗೆ ನೆನಪಿರುತ್ತದೆ. ಆಗ ನಾನು ಕೆಲಸಕ್ಕಿದ್ದ ಕೋಚಿಂಗ್ ಕ್ಲಾಸಿನ ಯಜಮಾನರು ಪರಾಗ್ ಸರ್ ಅವತ್ತು ಹಾಕಿದ್ದು ತಿಳಿನೀಲಿ ಅಂಗಿ. ಸರ್ ಎಂದೂ, ಬಹುವಚನದಲ್ಲೂ ಬರೆಯುತ್ತಿರುವುದು ಅಭ್ಯಾಸಬಲದಿಂದ, ಗೌರವದಿಂದ ಅಲ್ಲ.

ಅವರ ಕ್ಲಾಸು ಇದ್ದದ್ದು ವಿಲೆ ಪಾರ್ಲೆ ಪೂರ್ವದಲ್ಲಿ, ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ. ಎಂಬಿಎ ಸೇರಲಿಕ್ಕೆಂದು ದೇಶವಿದೇಶದವರೆಲ್ಲ ಕಂಪ್ಯೂಟರಿನ ಮುಂದೆ ಕೂತು ಬರೆಯುವ ಒಂದು ಪರೀಕ್ಷೆಗೆ ಅಲ್ಲಿ ತಯಾರಿ ಮಾಡಿಸುತ್ತಿದ್ದರು. ನಾನು ಬಿ.ಕಾಂ. ಮುಗಿಸಿ ಅಲ್ಲಿ ಫ್ರಂಟ್ ಡೆಸ್ಕಿಗೆ ಸೇರಿದ್ದೆ. ಫೋನು ಎತ್ತುವುದು, ಬಂದ ತಂದೆತಾಯಿಗಳಿಗೆ ನೀರು ಕೊಡುವುದು, ಫಾರ್ಮು ತುಂಬಿಸುವುದು, ಬೋರ್ಡು ಒರೆಸುವುದು. ಮನೆ ಜೋಗೇಶ್ವರಿಯ ಚಾಳಿನಲ್ಲಿ. ಅಪ್ಪ ಭೀಮಣ್ಣ ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬ್ ಹಾಕುವ ಮೊದಲು ಹಲಗೆ, ಜಾಕಿ ಕಟ್ಟಿ ನಿಲ್ಲಿಸುತ್ತಾರಲ್ಲ, ಆ ಕೆಲಸ. ನಾನು ಏಳನೆಯವರೆಗೆ ಓದಿದ್ದು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ. ಇದನ್ನು ಪರಾಗ್ ಸರ್‌ಗೆ ಇಂಟರ್‌ವ್ಯೂನಲ್ಲಿ ಹೇಳಿದಾಗ ಅವರು ನಕ್ಕಿದ್ದರು. ಆ ನಗುವೂ ನೆನಪಿದೆ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಪರೀಕ್ಷೆಯ ಫಾರ್ಮ್ಯಾಟು ಪೂರ್ತಿ ಬದಲಾಯಿತು. ಮುಂಚೆ ಅದರಲ್ಲಿ ನಾಲ್ಕು ಭಾಗ. ಒಂದು ಪ್ರಬಂಧ ಬರೆಯಬೇಕಿತ್ತು, ಜಾಮಿಟ್ರಿ ಇತ್ತು, ವಾಕ್ಯ ತಿದ್ದುವುದಿತ್ತು. ಹೊಸದರಲ್ಲಿ ಅದೆಲ್ಲ ಹೋಗಿ ಮೂರೇ ಭಾಗ ಉಳಿದವು. ಲೆಕ್ಕ ಒಂದು, ಭಾಷೆ ಒಂದು, ಕೋಷ್ಟಕ, ಗ್ರಾಫು ನೋಡಿ ಉತ್ತರಿಸುವುದು ಇನ್ನೊಂದು. ಒಂದೊಂದಕ್ಕೂ ಮುಕ್ಕಾಲು ಗಂಟೆ. ಇಷ್ಟು ಗೊತ್ತಾದ ಮೇಲೆ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಬೇಕಲ್ಲ? ನಮ್ಮಲ್ಲಿ ಹಳೆಯ ಪುಸ್ತಕಗಳು ಒಂದು ಕೋಣೆ ತುಂಬ ಇದ್ದವು. ಪರಾಗ್ ಸರ್ ಹೊಸ ರಕ್ಷಾಪುಟ ಮಾತ್ರ ಪ್ರಿಂಟ್ ಮಾಡಿಸಿ ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟರು.

“ಹಳೆಯದರ ಮೇಲೆ ಇದನ್ನು ಅಂಟಿಸು” ಎಂದರು. ಅವರು ಮಾತಾಡುವುದು ಹಿಂದಿ, ಇಂಗ್ಲಿಷ್. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಸರ್, ಒಳಗೆ ಪ್ರಬಂಧದ ಪಾಠ ಹಾಗೇ ಇದೆ. ಅದನ್ನಾದರೂ ಹರಿದು ತೆಗೆಯಲಾ?”

“ಹರಿದರೆ ಪುಸ್ತಕ ತೆಳ್ಳಗಾಗುತ್ತೆ. ಪೇರೆಂಟ್ಸು ಪುಸ್ತಕ ಓದಲ್ಲ ರೇಣುಕಾ, ಎತ್ತಿ ನೋಡ್ತಾರೆ. ಮೊದಲನೇ ಪುಟದಲ್ಲಿ ಹೊಸ ಫಾರ್ಮ್ಯಾಟ್ ಬಗ್ಗೆ ಒಂದು ಶೀಟು ಹಾಕು, ಸಾಕು. ನೀನೇ ಬರೆದುಬಿಡು, ವೆಬ್‌ಸೈಟಿನಲ್ಲಿ ಎಲ್ಲಾ ಇದೆ.”

ಹಾಗೆ ಆ ಒಂದು ಪುಟ ನನ್ನ ಕೈಗೆ ಬಂತು. ಮಧ್ಯಾಹ್ನ ಡಬ್ಬಿ ಉಂಡು, ಮಳೆಗೆ ಯಾರೂ ಬಾರದ ಹೊತ್ತಿನಲ್ಲಿ ಕೂತು ಓದಿ ಓದಿ ಬರೆದೆ. ಭಾಗಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಆರಿಸಿಕೊಳ್ಳಬಹುದು. ಒಂದು ಪ್ರಶ್ನೆಗೆ ಉತ್ತರ ಒತ್ತದೆ ಮುಂದಿನದಕ್ಕೆ ಹೋಗುವ ಹಾಗಿಲ್ಲ. ಅನುಮಾನ ಬಂದ ಪ್ರಶ್ನೆಗೆ ಗುರುತು ಹಾಕಿಟ್ಟು ಭಾಗದ ಕೊನೆಯಲ್ಲಿ ತಿರುಗಿ ನೋಡಬಹುದು, ಆದರೆ ಮೂರೇ ಉತ್ತರ ಬದಲಿಸಬಹುದು. ನಡುವೆ ಹತ್ತು ನಿಮಿಷ ವಿರಾಮ, ಬೇಕಾದವರಿಗೆ. ಕ್ಯಾಲ್ಕುಲೇಟರು ಗ್ರಾಫಿನ ಭಾಗದಲ್ಲಿ ಮಾತ್ರ. ಕೊನೆಯ ಸಾಲಿಗೆ ಇನ್ನೊಂದು ಸಂಗತಿ ಬರೆದೆ: ಹಳೆಯ ಪರೀಕ್ಷೆಯ ಒಟ್ಟು ಅಂಕ ಯಾವಾಗಲೂ ಸೊನ್ನೆಯಲ್ಲಿ ಮುಗಿಯುತ್ತಿತ್ತು, ಹೊಸದರಲ್ಲಿ ಯಾವಾಗಲೂ ಐದರಲ್ಲಿ ಮುಗಿಯುತ್ತದೆ; ಹಳತು ಹೊಸತು ಕಲಸಿಹೋಗದಿರಲಿ ಎಂದು ಹೀಗೆ ಮಾಡಿದ್ದಾರೆ. ಸರ್‌ಗೆ ತೋರಿಸಿದೆ. ಅವರು ಫೋನಿನಲ್ಲಿದ್ದರು. ನೋಡದೇ ಹೆಬ್ಬೆರಳು ಎತ್ತಿದರು. ಆ ಪುಟವನ್ನು ಅವರು ಎಂದೂ ಓದಲಿಲ್ಲ. ದೇವರು ನನಗೆ ಆ ವರ್ಷ ಕೊಟ್ಟ ದೊಡ್ಡ ವರ ಅದೇ.

ಅಂಟಿಸುತ್ತಾ ಅಂಟಿಸುತ್ತಾ ಒಳಗಿನದನ್ನೂ ಓದತೊಡಗಿದೆ. ಹೋದ ಪಾಠ ಯಾವುದು, ಉಳಿದದ್ದು ಯಾವುದು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡೆ. ಲೆಕ್ಕ ನನಗೆ ಚಿಕ್ಕಂದಿನಿಂದ ನೀರು ಕುಡಿದಷ್ಟು ಸಲೀಸು. ಇಂಗ್ಲಿಷೇ ಕಾಟ. ಒಂದು ಪ್ಯಾರಾ ಓದಿ ಲೇಖಕ ಏನು ಹೇಳುತ್ತಿದ್ದಾನೆ ಎಂದು ಕೇಳಿದರೆ ಮೊದಲು ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಎರಡು ನಿಮಿಷ ಮುಗಿದಿರುತ್ತಿತ್ತು. ಆಮೇಲಾಮೇಲೆ ಕನ್ನಡದ ದಾರಿ ಬೇಕಾಗಲಿಲ್ಲ. ಒಂದು ದಿನ ಸರ್ ನನ್ನ ಮಾಕ್ ಟೆಸ್ಟಿನ ಅಂಕ ಸ್ಕ್ರೀನಿನ ಮೇಲೆ ನೋಡಿದರು. ಬ್ಯಾಚಿನಲ್ಲಿ ಯಾರಿಗೂ ಅಷ್ಟು ಬಂದಿರಲಿಲ್ಲ. “ನೀನು ಪರೀಕ್ಷೆ ಬರಿ” ಎಂದರು. “ಹೊಸ ಫಾರ್ಮ್ಯಾಟಿನಲ್ಲಿ ನಮಗೆ ಇನ್ನೂ ಒಂದು ರಿಸಲ್ಟೂ ಇಲ್ಲ. ಬಂದರೆ ನಿನ್ನ ಫೋಟೋನೇ ಬ್ಯಾನರ್ ಮೇಲೆ.”

ನಾನು ನಂಬಿದೆ. ಪರೀಕ್ಷೆಯ ಫೀ ಎಷ್ಟಿತ್ತೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಅಪ್ಪ ಓದಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ.

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ದಿನಾ ಸಂಜೆ ಸೈಟಿನಿಂದ ಬಂದು, ಕೈಕಾಲು ತೊಳೆದು, ಚಾ ಕುಡಿಯುತ್ತಾ “ಇವತ್ತೇನ್ ಓದಿದಿವಾ?” ಎಂದು ಕೇಳುವುದು ಅವನ ಪದ್ಧತಿ. ನಾನು ಹೇಳುತ್ತಿದ್ದೆ. ಈ ಪರೀಕ್ಷೆ ನಾವು ಉತ್ತರ ಕೊಟ್ಟ ಹಾಗೆ ತನ್ನನ್ನು ತಾನೇ ಬದಲಿಸಿಕೊಳ್ಳುತ್ತದೆ, ಸರಿ ಉತ್ತರ ಕೊಟ್ಟಷ್ಟೂ ಮುಂದಿನ ಪ್ರಶ್ನೆ ಕಠಿಣವಾಗುತ್ತಾ ಹೋಗುತ್ತದೆ ಎಂದು ಒಂದು ದಿನ ಹೇಳಿದೆ. ಅಪ್ಪ ಚಾದ ಲೋಟ ಕೆಳಗಿಟ್ಟ.

“ಅಂದ್ರ ಚಲೋ ಮಾಡಿದಾಂವಗ ಇನ್ನೂ ಹೆಚ್ಚಿನ ಭಾರ ಹೊರಸ್ತೈತಿ. ಕೆಲಸ ಹಚ್ಚೂ ನಮ್ಮ ಮುಕಾದಮ್‌ನಂಗ” ಎಂದ.

ಆಗಸ್ಟಿನಲ್ಲಿ ಪರೀಕ್ಷೆ ಬರೆದೆ. ಅಂದು ಲೋಕಲ್ಲುಗಳು ಮಳೆಗೆ ತಡವಾಗಿ ಓಡುತ್ತಿದ್ದವು. ನಾನು ಎರಡು ಗಂಟೆ ಮುಂಚೆಯೇ ಹೊರಟಿದ್ದೆ. ಪಾಸ್‌ಪೋರ್ಟ್ ನೋಡಿದರು, ಅಂಗೈ ಮಷಿನ್ನಿನ ಮೇಲೆ ಇಡಿಸಿದರು, ಕಿವಿಯ ಓಲೆ ತೆಗೆಸಿದರು. ಲೆಕ್ಕ ಮಾಡಲು ಕಾಗದ ಕೊಡುವುದಿಲ್ಲ, ಲ್ಯಾಮಿನೇಟ್ ಮಾಡಿದ ಹಾಳೆ, ಒಂದು ಮಾರ್ಕರ್ ಪೆನ್ನು. ಭಾಗಗಳ ಕ್ರಮ ಕೇಳಿದಾಗ ಭಾಷೆಯನ್ನೇ ಮೊದಲು ಒತ್ತಿದೆ. ಹೆದರಿಕೆ ಇದ್ದದ್ದು ಅದರದೇ, ತಲೆ ತಾಜಾ ಇರುವಾಗಲೇ ಅದರ ಗ್ರಹಚಾರ ಬಿಡಿಸೋಣ ಎಂದು. ಪ್ರಶ್ನೆಗಳು ಕಠಿಣವಾಗುತ್ತಾ ಹೋದಂತೆ ನನಗೆ ಖುಷಿಯಾಗತೊಡಗಿತು. ನೀನು ಕಾಡುತ್ತಿದ್ದೀಯೆಂದರೆ ನಾನು ಸರಿ ಉತ್ತರ ಕೊಡುತ್ತಿದ್ದೇನೆ ಎಂದೇ ಅರ್ಥ, ಬಾ ನೋಡೋಣ, ಎಂದು ಒಳಗೊಳಗೇ ಅಂದುಕೊಂಡೆ. ಮುಗಿದ ಕೂಡಲೇ ಪರದೆಯ ಮೇಲೆ ಅಂಕ ಬಂತು. ಏಳುನೂರ ಹದಿನೈದು. ಪಕ್ಕದಲ್ಲಿ ಯಾರೂ ಪರಿಚಯದವರಿರಲಿಲ್ಲ. ಹಾಳೆ, ಮಾರ್ಕರ್ ವಾಪಸು ಕೊಟ್ಟು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಅತ್ತೆ.

ಪರಾಗ್ ಸರ್ ಪೇಡೆ ತರಿಸಿದರು. ಫೋಟೋಗ್ರಾಫರ್ ಬಂದ. ಯಾರದೋ ಕಪ್ಪು ಬ್ಲೇಜರ್ ಹಾಕಿಸಿ, ಕೈಕಟ್ಟಿ ನಿಲ್ಲಿಸಿ ನನ್ನ ಫೋಟೋ ತೆಗೆದರು. ಮನೆಯಲ್ಲಿ ಹೇಳಿದೆ, ಶನಿವಾರ ನನ್ನ ಫೋಟೋ ಬಿಲ್ಡಿಂಗಿನ ಮೇಲೆ ಹಾಕುತ್ತಾರೆ ಎಂದು. ಅಪ್ಪ ಎದ್ದು ಅಂಗಳಕ್ಕೆ ಹೋಗಿ ಬೀಡಿ ಹಚ್ಚಿದ. ಅದು ಅವನು ಬಹಳ ಸಂತೋಷವಾದಾಗ ಮಾಡುವ ಕೆಲಸ.

ಶನಿವಾರ ಬ್ಯಾನರು ಬಂತು. ಸುರುಳಿ ಸುತ್ತಿದ್ದನ್ನು ಹಾಗೇ ಒಯ್ದು ಬಾಲ್ಕನಿಯ ಹೊರಗಡೆಗೆ ಕಟ್ಟಿದರು. ಒಳಗೆ ಕೂತ ನನಗೆ ಕಂಡದ್ದು ಅದರ ಬಿಳಿ ಬೆನ್ನು ಮಾತ್ರ, ಮತ್ತೆ ಆ ವಾಸನೆ. ಕೆಳಗಿಳಿದು ಹೋಗಿ ನನ್ನ ಫೋಟೋ ನಾನೇ ನೋಡಿ ನಿಲ್ಲುವುದಕ್ಕೆ ನಾಚಿಕೆ. ಸಂಜೆ ಮನೆಗೆ ಹೋಗುವಾಗ ನೋಡಿದರಾಯಿತು ಎಂದು ಕೂತೆ. ಐದೂವರೆಗೆ ಅಪ್ಪನ ಫೋನು. “ಕೆಳಗ ಬಾ, ನಾವು ಬಂದೀವಿ.”

ನಾವು ಅಂದರೆ ಅಪ್ಪ ಮತ್ತು ಅವನ ಗ್ಯಾಂಗಿನ ಇಬ್ಬರು. ತೋರಿಸಲಿಕ್ಕೆ ಕರಕೊಂಡು ಬಂದಿದ್ದ. ಮೂವರ ಪ್ಯಾಂಟಿನ ಮೇಲೂ ಸಿಮೆಂಟು. ಅಪ್ಪ ಮಾತ್ರ ಎಲ್ಲೋ ಮುಖ ತೊಳೆದು, ತಲೆ ಬಾಚಿಕೊಂಡಿದ್ದ. ನಾನು ಗೇಟಿನ ಹೊರಗೆ ಬಂದು ಅವರ ಪಕ್ಕ ನಿಂತು ಮೇಲೆ ನೋಡಿದೆ. ಬ್ಯಾನರಿನ ಮೇಲೆ ತನ್ವಿ. ಮೂರು ವರ್ಷದ ಹಿಂದೆ ನಮ್ಮ ಕ್ಲಾಸಿನಲ್ಲಿ ಓದಿ, ಹಳೆಯ ಪರೀಕ್ಷೆ ಬರೆದು ಹೋಗಿದ್ದ ಹುಡುಗಿ, ಆಗೀಗ ಆಫೀಸಿಗೆ ಬರುತ್ತಿದ್ದುದರಿಂದ ನನಗೆ ಮುಖಪರಿಚಯ. ಹೊಳೆಯುವ ಕೂದಲು, ಹೊಳೆಯುವ ಹಲ್ಲು. ಅವಳ ಕೆಳಗೆ ನನ್ನ ಅಂಕ.

“ಈ ಹುಡುಗಿ ಯಾರ್ ಭೀಮಣ್ಣ?” ಎಂದು ಗ್ಯಾಂಗಿನವನೊಬ್ಬ ಕೇಳಿದ.

ಅಪ್ಪನಿಗೆ ಇಂಗ್ಲಿಷ್ ಅಂಕಿಯಾದರೂ ಓದಲು ಬರುತ್ತದೆ. “ನಂಬರ್ ಎಷ್ಟ್ ಅಂದಿದ್ದಿ ನೀ?” ಎಂದು ನನ್ನನ್ನು ಕೇಳಿದ.

“ಏಳ್ನೂರಾ ಹದಿನೈದು. ಅದು ನಂದ ನಂಬರ್ ಅಪ್ಪ.”

ಅಪ್ಪ ಅಂಕಿ ನೋಡಿದ, ತನ್ವಿಯನ್ನು ನೋಡಿದ, ನನ್ನನ್ನು ನೋಡಿದ. “ಹೂಂ” ಎಂದ. ಆಮೇಲೆ ಅವರಿಬ್ಬರ ಕಡೆ ತಿರುಗಿ, “ನಡೀರಿ, ಚಾ ಕುಡಿಯೂಣು” ಎಂದು ಕರಕೊಂಡು ಹೋದ. ನನ್ನನ್ನು ಕರೆಯಲಿಲ್ಲ.

ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ತಿಳಿನೀಲಿ ಅಂಗಿಯ ಪರಾಗ್ ಸರ್ ಚಾದಲ್ಲಿ ಬಿಸ್ಕೆಟ್ ಅದ್ದುತ್ತಿದ್ದರು. ಅವರಿಗೆ ಒಂಚೂರೂ ಮುಜುಗರವಿರಲಿಲ್ಲ, ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು.

“ನೋಡು ರೇಣುಕಾ, ಬಾಗಿಲು ತೆಗೆದ ಕೂಡಲೆ ಪೇರೆಂಟ್ಸ್ ನೋಡೋದು ನಿನ್ನನ್ನೇ. ಅವರಿಗೆ ನೀರು ತಂದುಕೊಡೋ ಹುಡುಗಿಯೇ ಟಾಪರ್ ಅಂದರೆ, ಈ ಕ್ಲಾಸಿಗೆ ಮರ್ಯಾದೆ ಎಲ್ಲಿ ಉಳೀತು? ಅವರ ಮಗಳು ನಿನ್ನ ಹಾಗೆ ಆಗಲಿ ಅಂತ ಯಾವ ತಾಯಿ ಇಷ್ಟಪಡ್ತಾಳೆ? ತನ್ವಿ ಒಪ್ಪಿದ್ದಾಳೆ, ಅವಳಿಗೆ ನನ್ನಿಂದ ಒಂದು ಶಿಫಾರಸು ಪತ್ರ ಬೇಕಿತ್ತು. ನಿನ್ನ ಅಂಕ ನಿನ್ನ ಹತ್ತಿರವೇ ಇದೆಯಲ್ಲ, ಯಾರು ಕಿತ್ಕೊಂಡ್ರು?”

ನಾನು ಕೆಲಸ ಬಿಡಲಿಲ್ಲ. ಬಿಟ್ಟುಬಿಡು ಎಂದು ಅವ್ವ ಅತ್ತಳು. ಬಿಟ್ಟಿದ್ದರೆ ಅವರು ನೆಮ್ಮದಿಯಾಗಿ ಇನ್ನೊಂದು ಹುಡುಗಿಯನ್ನು ಟೇಬಲ್ಲಿನ ಹಿಂದೆ ಕೂರಿಸಿಕೊಳ್ಳುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕೂತೆ, ನೀರು ಕೊಟ್ಟೆ, ಬ್ಯಾನರಿನ ಹುಡುಗಿ ಯಾರೆಂದು ಕೇಳಿದವರಿಗೆ “ಸರ್‌ನ ಕೇಳಿ” ಎಂದೆ. ಇವರಿಗೆ ತಕ್ಕ ಶಾಸ್ತಿ ಮಾಡದೆ ಇಲ್ಲಿಂದ ಏಳುವುದಿಲ್ಲ ಎಂದು ದಿನಾ ಬೆಳಿಗ್ಗೆ ಲೋಕಲ್ಲಿನಲ್ಲಿ ನಿಂತುಕೊಂಡು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆದರೆ ನಿಜವಾಗಿ ನನ್ನ ಹೊಟ್ಟೆ ಉರಿದದ್ದು ಮನೆಯಲ್ಲಿ. ಅಪ್ಪ ಸಂಜೆ ಕೇಳುವುದನ್ನು ನಿಲ್ಲಿಸಿದ. ಚಾ ಕುಡಿಯುತ್ತಾನೆ, ಲೋಟ ಕೆಳಗಿಡುತ್ತಾನೆ, ಸುಮ್ಮನೆ ಹೊರಗೆ ಹೋಗುತ್ತಾನೆ. ನಾನು ಅಂಕಪಟ್ಟಿ ಪ್ರಿಂಟ್ ತೆಗೆದು ತಂದು ಮುಂದೆ ಇಟ್ಟೆ. ಅವನು ಅದನ್ನು ಮುಟ್ಟಲೂ ಇಲ್ಲ.

“ಕಾಗದ ಯಾರ್ ಬೇಕಾದ್ರೂ ಛಾಪಸ್ತಾರ. ನಿಮ್ಮ ಆಫೀಸಿನ್ಯಾಗ ಮಷಿನ್ ಐತಿ” ಎಂದ. ಆಮೇಲೆ ನನ್ನ ಕಡೆ ನೋಡದೆ, “ಅಷ್ಟ್ ದೊಡ್ಡ ಬೋರ್ಡ್ ಯಾಕ ಸುಳ್ಳ ಹೇಳತೈತಿ? ಮಾರ್ಕ್ಸ್ ಕಡಿಮಿ ಬಿದ್ದಿದ್ರ ಕಡಿಮಿ ಬಿದ್ದಾವ ಅನ್ನಬೇಕಿತ್ತು. ನಾ ಏನ್ ಬೈತಿದ್ನೇನು? ಮಂದಿ ಮುಂದ ನನ್ನ ನಿಂದರ್ಸಿ...” ಎಂದು ಅಲ್ಲಿಗೇ ಬಿಟ್ಟ.

ಇಪ್ಪತ್ತೆರಡು ವರ್ಷ ಸಾಕಿದ ಅಪ್ಪ ನನ್ನನ್ನು ಸುಳ್ಳಿ ಎಂದುಕೊಂಡ. ಪರಾಗ್ ಸರ್ ನನ್ನಿಂದ ಕಿತ್ತುಕೊಂಡದ್ದು ಅದನ್ನು.

ಗಣಪತಿ ಮುಗಿದ ಮೇಲಿನ ಭಾನುವಾರ ಪೇರೆಂಟ್ಸ್ ಸೆಮಿನಾರು ಇಟ್ಟರು. ಹೊಸ ಬ್ಯಾಚಿಗೆ ಜನ ಸೇರಿಸುವ ದೊಡ್ಡ ದಿನ ಅದು. ಪಾರ್ಲೆಯಲ್ಲೇ ಒಂದು ಹಾಲು, ಇನ್ನೂರು ಕುರ್ಚಿ, ವೇದಿಕೆಯ ಹಿಂದೆ ಅದೇ ಬ್ಯಾನರು. ಟಾಪರ್ ತನ್ವಿ ಬಂದು ತನ್ನ ಅನುಭವ ಹೇಳುತ್ತಾಳೆ ಎಂದು ಎಲ್ಲರಿಗೂ ಮೆಸೇಜು ಕಳಿಸಿದ್ದು ನಾನೇ. ಪ್ರತಿ ಕುರ್ಚಿಯ ಮೇಲೂ ಏನಾದರೂ ಒಂದು ಕಾಗದ ಇಡು ಎಂದರು ಸರ್. ಏನಿಡಲಿ ಎಂದು ಕೇಳಿದೆ. “ಆ ಫಾರ್ಮ್ಯಾಟ್ ಶೀಟೇ ಇಡು” ಎಂದರು. ನನ್ನ ಪುಟ. ಇನ್ನೂರೈವತ್ತು ಪ್ರತಿ ತೆಗೆದೆ. ಕೊನೆಯ ಸಾಲನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಮಾಡಿದೆ.

ಅಪ್ಪನನ್ನು ಬಾ ಎಂದೆ. “ನಾ ಬಂದ್ ಏನ್ ಮಾಡ್ಲಿ?” ಎಂದ. “ಹಿಂದ ಕುಂತು ನೋಡು ಸಾಕು” ಎಂದೆ. ಅವ್ವ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಗೂಟಕ್ಕೆ ನೇತುಹಾಕಿದಳು. ಭಾನುವಾರ ಅವನು ಬಂದ. ಕೊನೆಯ ಸಾಲಿನ ಮೂಲೆಯಲ್ಲಿ ಕೊಡೆ ಕಾಲ ಬಳಿ ಇಟ್ಟುಕೊಂಡು ಕೂತ.

ಸಭೆಗೆ ಅರ್ಧ ಗಂಟೆ ಮುಂಚೆ ತನ್ವಿ ನನ್ನ ಟೇಬಲ್ಲಿಗೆ ಬಂದಳು. “ರೇಣುಕಾ, ಪರೀಕ್ಷೆಯಲ್ಲಿ ಏನಾದರೂ ಬದಲಾಗಿದೆಯಾ? ಸರ್ ಬರೀ ನಿನ್ನ ಅನುಭವ ಹೇಳು ಅಂದಿದ್ದಾರೆ. ನನಗೆ ಯಾಕೋ ಟೆನ್ಷನ್” ಎಂದಳು. ಉಳಿದ ಶೀಟುಗಳ ಕಟ್ಟು ನನ್ನ ಮೊಣಕೈ ಕೆಳಗೇ ಇತ್ತು. ಒಂದನ್ನು ಎಳೆದು ಕೊಟ್ಟಿದ್ದರೆ ಅವಳು ಐದು ನಿಮಿಷದಲ್ಲಿ ಓದಿಕೊಂಡು ಬಚಾವಾಗುತ್ತಿದ್ದಳು. ನಾನು ಕಟ್ಟನ್ನು ಮೆಲ್ಲಗೆ ಟೇಬಲ್ಲಿನ ಕೆಳಗೆ ಇಳಿಸಿದೆ. “ಸರ್ ಹೇಳಿದ ಹಾಗೇ ಮಾಡು. ನೀನು ಬರೆದದ್ದನ್ನೇ ಹೇಳು” ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವಳು ಥ್ಯಾಂಕ್ಸ್ ಹೇಳಿ ಹೋದಳು.

ತನ್ವಿ ಚೆನ್ನಾಗಿಯೇ ಮಾತಾಡಿದಳು. ಮೊದಲ ಅರ್ಧ ಗಂಟೆಯ ಪ್ರಬಂಧಕ್ಕೆ ತಾನು ಹೇಗೆ ತಯಾರಿ ಮಾಡಿದೆ, ಜಾಮಿಟ್ರಿ ತನ್ನನ್ನು ಹೇಗೆ ಕಾಪಾಡಿತು, ವಾಕ್ಯ ತಿದ್ದುವುದರಲ್ಲಿ ಸರ್‌ನ ಶಾರ್ಟ್‌ಕಟ್ಟು ಹೇಗೆ ಕೆಲಸಕ್ಕೆ ಬಂತು. ಪರಾಗ್ ಸರ್ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದರು. ಕೆಳಗೆ ಜನ ಕೈಯಲ್ಲಿದ್ದ ಕಾಗದ ನೋಡುವುದು, ವೇದಿಕೆ ನೋಡುವುದು ಶುರುವಾಯಿತು. ಪ್ರಶ್ನೆ ಕೇಳುವವರ ಬಳಿಗೆ ಮೈಕು ಒಯ್ಯುವುದು ನನ್ನ ಕೆಲಸ. ಮೂರನೆಯ ಸಾಲಿನಲ್ಲಿ ಕನ್ನಡಕದ ಒಬ್ಬ ಮರಾಠಿ ಹೆಂಗಸು, ಕೈಯಲ್ಲಿ ಪೆನ್ನು ಹಿಡಿದು ಶೀಟಿನ ಮೇಲೆ ಟಿಕ್ ಹಾಕುತ್ತಾ ಕೂತಿದ್ದರು. ಅವರು ಕೈ ಎತ್ತುವ ಮೊದಲೇ ನಾನು ಅವರ ಪಕ್ಕದಲ್ಲಿದ್ದೆ.

“ನೀವು ಕೊಟ್ಟ ಕಾಗದದಲ್ಲಿ ಪ್ರಬಂಧ ಇಲ್ಲ ಅಂತಿದೆ, ಜಾಮಿಟ್ರಿ ಇಲ್ಲ ಅಂತಿದೆ. ಇವರು ಬರೆದದ್ದು ಯಾವ ಪರೀಕ್ಷೆ?” ಎಂದರು ಆಕೆ.

ಪರಾಗ್ ಸರ್ ಎದ್ದು ನಿಂತು ನಕ್ಕರು. “ಒಳ್ಳೇ ಪ್ರಶ್ನೆ ಮೇಡಂ. ತನ್ವಿ ಬರೆದದ್ದು ಫಾರ್ಮ್ಯಾಟ್ ಬದಲಾಗುವುದಕ್ಕೆ ಮುಂಚೆ.”

ನನಗೆ ಬೇಕಾಗಿದ್ದದ್ದು ಇದೇ ಮಾತು. ಮೈಕು ನನ್ನ ಕೈಯಲ್ಲೇ ಇತ್ತು. “ಸರ್, ನಂದೂ ಒಂದು ಡೌಟು” ಎಂದೆ. “ಈ ಕಾಗದದ ಕೊನೇ ಸಾಲು ನೋಡಿ. ಮುಂಚಿನ ಪರೀಕ್ಷೆಯ ಅಂಕ ಸೊನ್ನೆಯಲ್ಲಿ ಮುಗಿಯುತ್ತಿತ್ತು. ಹೊಸದರ ಅಂಕ ಮಾತ್ರ ಐದರಲ್ಲಿ ಮುಗಿಯುತ್ತೆ. ಬ್ಯಾನರ್ ಮೇಲೆ ಏಳುನೂರ ಹದಿನೈದು ಅಂತಿದೆಯಲ್ಲ, ಅದು ತನ್ವಿಗೆ ಬಂದದ್ದು ಹೇಗೆ?”

ಇನ್ನೂರು ತಲೆಗಳು ಒಮ್ಮೆ ಕೆಳಗೆ ಬಗ್ಗಿ ಓದಿದವು, ಒಮ್ಮೆ ಮೇಲೆ ಬ್ಯಾನರು ನೋಡಿದವು. ಪರಾಗ್ ಸರ್ ಟೇಬಲ್ಲಿನ ಮೇಲಿದ್ದ ಶೀಟನ್ನು ಎತ್ತಿಕೊಂಡರು. ತಮ್ಮದೇ ಕ್ಲಾಸಿನ ಮೊದಲನೇ ಪುಟವನ್ನು ಅವರು ಜೀವನದಲ್ಲಿ ಮೊದಲ ಸಲ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಇಂಗು ತಿಂದ ಮಂಗನ ಹಾಗಾದದ್ದನ್ನು ನಾನು ಹತ್ತು ಅಡಿ ದೂರದಿಂದ ಕಣ್ತುಂಬ ನೋಡಿದೆ. ಮೊದಲು ಕಿವಿ ಕೆಂಪಾದವು, ಆಮೇಲೆ ಕತ್ತು, ಆಮೇಲೆ ಹಣೆಯ ಮೇಲೆ ಬೆವರು. ಎಸಿ ಜೋರಾಗಿಯೇ ಇತ್ತು.

“ಪ್ರಿಂಟಿಂಗ್ ಮಿಸ್ಟೇಕ್” ಎಂದರು.

“ಯಾವುದು ಮಿಸ್ಟೇಕು, ನಂಬರೋ ಫೋಟೋನೋ?” ಎಂದು ಆ ಹೆಂಗಸು ಕೇಳಿದರು.

“ರೇಣುಕಾ, ಮೈಕ್ ಆಫ್ ಮಾಡು.”

ನಾನು ಆಫ್ ಮಾಡಲಿಲ್ಲ. ಬ್ಯಾಗಿನಿಂದ ನನ್ನ ಅಂಕಪಟ್ಟಿ ತೆಗೆದು ಆ ಹೆಂಗಸಿನ ಕೈಗೆ ಕೊಟ್ಟೆ, ಮೈಕನ್ನೂ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗೆ ಕಣ್ಣಾಡಿಸಿದರು. ಮುಂಬೈಯಲ್ಲಿ ಮಕ್ಕಳ ಹೆಸರಿನ ನಡುವೆ ಅಪ್ಪನ ಹೆಸರು ಬರೆಸುವುದು ರೂಢಿ, ನನಗೂ ಶಾಲೆಯಲ್ಲಿ ಹಾಗೇ ಬರೆಸಿದ್ದರು, ಪಾಸ್‌ಪೋರ್ಟಿನಲ್ಲೂ ಹಾಗೇ ಬಂದಿತ್ತು. ಆ ಹೆಂಗಸು ಮೈಕಿನಲ್ಲಿ ಜೋರಾಗಿ ಓದಿದರು. “ರೇಣುಕಾ ಭೀಮಣ್ಣ ಹೊಸಮನಿ. ಏಳುನೂರ ಹದಿನೈದು.”

ಕೊನೆಯ ಸಾಲಿನಲ್ಲಿ ಅಪ್ಪ ಎದ್ದು ನಿಂತ. ಅಲ್ಲಿಯವರೆಗೆ ನಡೆದ ಹಿಂದಿ ಇಂಗ್ಲಿಷಿನ ಜಟಾಪಟಿ ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ತನ್ನ ಹೆಸರು, ಮಗಳ ಹೆಸರು, ಆ ನಂಬರು, ಮೂರೂ ಒಂದೇ ಉಸಿರಿನಲ್ಲಿ ಕೇಳಿಸಿದ್ದವು. ಸೈಟಿನಲ್ಲಿ ಹಾಜರಿ ಕೂಗಿದಾಗ ಎದ್ದು ನಿಂತೇ ಅವನಿಗೆ ಅಭ್ಯಾಸ. “ಭೀಮಣ್ಣ ನಾನ ರೀ” ಎಂದ, ಕನ್ನಡದಲ್ಲೇ, ಇಡೀ ಹಾಲಿಗೆ ಕೇಳಿಸುವ ಹಾಗೆ.

ಆಮೇಲೆ ಗಲಾಟೆಯೇನೂ ಆಗಲಿಲ್ಲ. ಕೆಲವರು ಎದ್ದು ಹೋದರು. ಆ ಹೆಂಗಸು ನನ್ನ ಕಡೆ ತಿರುಗಿ, “ಬೇಟಿ, ನೀನು ಯಾವ ಭಾಗ ಮೊದಲು ತಗೊಂಡೆ? ಎಷ್ಟು ಉತ್ತರ ಬದಲಿಸಿದೆ?” ಎಂದು ಕೇಳಿದರು. ಭಾಷೆ ಮೊದಲು, ಎರಡು ಬದಲಿಸಿದೆ, ಮೂರನೆಯದನ್ನು ಬದಲಿಸಲು ಧೈರ್ಯ ಬರಲಿಲ್ಲ, ಬದಲಿಸದಿದ್ದದ್ದೇ ಒಳ್ಳೆಯದಾಯಿತು ಎಂದೆ. ಅಕ್ಕಪಕ್ಕದವರು ಕಾಗದದ ಹಿಂದೆ ಬರೆದುಕೊಳ್ಳತೊಡಗಿದರು. ಹಾಗೇ ಇಪ್ಪತ್ತು ನಿಮಿಷ ಹಾಲಿನ ನಡುವೆ ನಿಂತು ಇಡೀ ಫಾರ್ಮ್ಯಾಟು ಹೇಳಿದೆ. ವೇದಿಕೆಯ ಮೇಲೆ ತನ್ವಿ ಅಳುತ್ತಿದ್ದಳು. ಅವಳನ್ನು ನೋಡಿ ಒಂದು ಗಳಿಗೆ ಅಯ್ಯೋ ಅನ್ನಿಸಿತು, ಒಂದೇ ಗಳಿಗೆ. ಬ್ಯಾನರಿಗೆ ಫೋಟೋ ಕೊಡುವಾಗ ಆ ನಂಬರು ಯಾರದೆಂದು ಅವಳೂ ಕೇಳಿರಲಿಲ್ಲ.

ಹೊರಗೆ ಪ್ಯಾಸೇಜಿನಲ್ಲಿ ಪರಾಗ್ ಸರ್ ನನ್ನನ್ನು ಅಡ್ಡಗಟ್ಟಿದರು. ನಾಳೆಯಿಂದ ಬರಬೇಡ, ಅನುಭವದ ಪತ್ರ ಕೊಡುವುದಿಲ್ಲ, ಈ ಲೈನಿನಲ್ಲಿ ನಿನ್ನನ್ನು ಎಲ್ಲೂ ತಲೆ ಎತ್ತದ ಹಾಗೆ ಮಾಡುತ್ತೇನೆ ಎಂದರು. ಮಾಡಲಿಲ್ಲ, ಮಾಡಲಾಗಲಿಲ್ಲ. ಆ ಮೂರನೇ ಸಾಲಿನ ಹೆಂಗಸಿನ ಮಗಳೇ ನನ್ನ ಮೊದಲ ವಿದ್ಯಾರ್ಥಿನಿ. ಪಾರ್ಲೆಯ ಆ ಕ್ಲಾಸು ಮುಂದಿನ ಮಳೆಗಾಲ ನೋಡಲಿಲ್ಲ. ಪರಾಗ್ ಸರ್ ಈಗ ಎಲ್ಲಿದ್ದಾರೆಂದು ವಿಚಾರಿಸಿಲ್ಲ. ಎಲ್ಲಿದ್ದರೂ ಅವರ ಮಾಳಿಗೆ ಸೋರುತ್ತಿರಲಿ. ನನ್ನ ಅಂಕ ಐದು ವರ್ಷ ಬಾಳುತ್ತದೆ, ಇನ್ನೂ ಮೂರು ವರ್ಷ ಇದೆ. ಈ ವರ್ಷ ಕಾಲೇಜಿಗೆ ಅರ್ಜಿ ಹಾಕುತ್ತಿದ್ದೇನೆ.

ಅವತ್ತು ಅಪ್ಪ, ನಾನು ಪಾರ್ಲೆಯಲ್ಲಿ ಬೊರಿವಲಿ ಲೋಕಲ್ ಹತ್ತಿದೆವು. ಭಾನುವಾರದ ಮಧ್ಯಾಹ್ನ, ಕೂರಲು ಜಾಗ ಸಿಕ್ಕಿತು. ಅಂಧೇರಿ ಬರುವವರೆಗೆ ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದ.

“ನಿನ್ನ ಸುಳ್ಳಿ ಅಂದ್ಕೊಂಡಿದ್ನವಾ” ಎಂದ. “ತಪ್ಪಾತು.”

ನನಗೆ ಅಳು ಒತ್ತರಿಸಿ ಬಂತು. ಎದುರಿಗೆ ಕೂತವರು ನೋಡುತ್ತಿದ್ದರು, ನೋಡಲಿ ಎಂದು ಅತ್ತೆ. ಅಪ್ಪ ಸಮಾಧಾನ ಮಾಡಲಿಲ್ಲ. ಕರ್ಚೀಫು ತೆಗೆದು ನನ್ನ ತೊಡೆಯ ಮೇಲಿಟ್ಟ. ನಾನು ಮುಖ ಒರೆಸಿಕೊಂಡು ಮುಗಿಸುವ ತನಕ ಕಾದ.

“ಒಂದ್ ಮಾತ್ ಹೇಳು” ಎಂದ. “ನನ್ನ ಮುಂದ ಒಬ್ಬ ಎತ್ತರದಾಂವ ಕುಂತಿದ್ದ, ನನಗ ಏನೂ ಕಾಣಲಿಲ್ಲ. ಆ ಕಾಗದ ಓದೂ ಮುಂದ ನಿಮ್ಮ ಸರ್ ಮಾರಿ ಹೆಂಗಾತು?”

ಹೇಳಿದೆ. ಕಿವಿ, ಕತ್ತು, ಬೆವರು, ಎಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಜೋಗೇಶ್ವರಿ ಬಂತು. ನಾನು ಬ್ಯಾಗು ಎತ್ತಿಕೊಂಡು ಎದ್ದೆ. ಅಪ್ಪ ಏಳಲಿಲ್ಲ.

“ಅಪ್ಪ, ಟಿಕೇಟ್ ಇಲ್ಲೀ ತನಕ ಅಷ್ಟ ಐತಿ.”

“ಇರ್ಲಿ, ಕೂಡು” ಎಂದು ನನ್ನ ಕೈ ಹಿಡಿದು ಕೂರಿಸಿದ. “ಮೊದಲಿಂದ ಹೇಳು. ಅವಸರ ಮಾಡಬ್ಯಾಡ.”